ಸಪ್ಪೆ ಎಲೆ

ಸಿಂಕಿನ ನೀರು ಸುಳಿ ಸುತ್ತಿಕೊಂಡು ಇಳಿಯುತ್ತಿದೆ, ಮೊದಲು ಇಳಿಯುತ್ತಿದೆಯೋ ಇಲ್ಲವೋ ಅನ್ನುವಷ್ಟು ನಿಧಾನ, ಆಮೇಲೆ ಒಮ್ಮೆಲೇ ಗೊಳಗೊಳ, ನೊರೆ ಪಕ್ಕಕ್ಕೆ ಸರಿದು ತಳದಲ್ಲಿ ಮಲಗಿದ್ದ ಚಮಚ ಕಾಣಿಸಿತು, ಅದರ ಪಕ್ಕ ಇನ್ನೊಂದು, ಹಾಗೇ, ಹಾಗೇ ಇಳಿಯಲಿ, ಅಲ್ಲಿಯೂ ಹೀಗೆಯೇ ಇಳಿಯುತ್ತಿರಬೇಕು ಈಗ, ಕಟ್ಟೆಯಾಚೆ, ಕೆಸರಿನ ಮೇಲಿಂದ ಸಮುದ್ರ ಹಿಂದೆ ಹಿಂದೆ ಸರಿಯುತ್ತಾ, ಮೊದಲು ಹಳದಿ ಬಟ್ಟೆ ಕಟ್ಟಿದ ಗೂಟಗಳ ತುದಿ, ಆಮೇಲೆ ಗೂಟದ ಸೊಂಟ, ಆಮೇಲೆ — ಆಮೇಲಿನದನ್ನು ಅವಳು ನೆನೆಸಿಕೊಳ್ಳುವುದಿಲ್ಲ, ಈಗಲೇ ಬೇಡ, ಕೈ ಒದ್ದೆಯಿದೆ, ಗಡಿಯಾರ ನೋಡು, ಒಂಬತ್ತು ಇಪ್ಪತ್ತು. ನೀರು ಪೂರ್ತಿ ಇಳಿಯುವುದು ಹತ್ತೂವರೆಗೆ. ಗಿಡದ ಟೀಚರ್ ಬರೆದುಕೊಟ್ಟ ಚೀಟಿ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು ಮೂಲೆಗಳೆಲ್ಲ ಎಣ್ಣೆ ಕುಡಿದಿವೆ, ಗಿಡ ನೆಟ್ಟ ಮೇಲೆ ನಲವತ್ತು ದಿನ ಯಾರೂ ಕೆಸರಿಗೆ ಕಾಲಿಡಬಾರದು, ಕಾಲಿಟ್ಟರೆ ಎಳೆಬೇರು ಅಲುಗುತ್ತದೆ, ನಲವತ್ತೊಂದನೇ ದಿನ ಹತ್ತೂವರೆಗೆ ಎಲ್ಲರೂ ಕಟ್ಟೆಯ ಮೇಲೆ ಸೇರುವುದು. ಇವತ್ತೇ ಆ ನಲವತ್ತೊಂದು. ಎದ್ದವಳೇ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು, ಗಂಡ ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದರು, ದೋಣಿ ಇಂಜಿನ್ ರಿಪೇರಿಯವರು, ಇಂಜಿನ್ನಿನ ಹತ್ತಿರ ಆಡುವಷ್ಟು ಮಾತನ್ನೂ ಮನೆಯಲ್ಲಿ ಆಡುವವರಲ್ಲ, ಇವತ್ತು ಸಿಹಿ ಜಾಸ್ತಿ ಆಯ್ತು ಅಂದರು, ಅಂದವರೇ ನಾಲಗೆ ಕಚ್ಚಿಕೊಂಡರು, ಸಿಹಿ ಅನ್ನುವ ಮಾತನ್ನು ಈ ಮನೆಯಲ್ಲಿ ಎರಡು ತಿಂಗಳಿನಿಂದ ಯಾರೂ ಗಟ್ಟಿಯಾಗಿ ಆಡುವುದಿಲ್ಲ.

ಬಾಟಲಿ, ಬಾಟಲಿ ಎಲ್ಲಿ, ಮಗಳ ಸ್ಕೂಲಿನದು, ಮುಚ್ಚಳದ ಮೇಲೆ ಮೀನಿನ ಚಿತ್ರ ಇರುವುದು, ಅದರ ತುಂಬ ಸಿಹಿನೀರು ತರಲೇಬೇಕು ಅಂತ ಟೀಚರ್ ಎರಡೆರಡು ಸಲ ಹೇಳಿದ್ದಾರೆ, ನಲ್ಲಿ ತಿರುಗಿಸಿ ತುಂಬಿಸುವಾಗ ಬೆನ್ನ ಹಿಂದೆ ಅತ್ತೆಯ ಕೆಮ್ಮು, ಅದು ಕೆಮ್ಮಲ್ಲ, ಮಾತಿನ ಪೀಠಿಕೆ, ಬಾಟಲೀನ ಚೀಲದೊಳಗೆ ಹಾಕ್ಕೊಂಡು ಬಾ ತಾಯಿ, ನೀನು ಸಿಹಿನೀರು ಹಿಡ್ಕೊಂಡು ಆ ಕಡೆ ಹೋಗೋದು ಬೀದಿಯವರ ಕಣ್ಣಿಗೆ ಬಿದ್ರೆ ಮತ್ತೆ ಶುರು ಹಚ್ಕೊಂಡ್ಳು ಅಂತಾರೆ. ಯಾರಾದ್ರೂ ಕೇಳಿದ್ರೆ ನಿಮ್ಮ ಕಡೆ ಕೈ ತೋರಿಸ್ತೀನಿ ಬಿಡಿ ಅತ್ತೆ, ಅಂದಳು, ಅತ್ತೆ ಮೇಲಿನ ಸಾಲಿನಲ್ಲಿ ಉಳಿದ ನಾಲ್ಕೂ ಹಲ್ಲು ಕಾಣುವಂತೆ ನಕ್ಕರು, ನಗಬಹುದು ಈಗ, ಆವತ್ತು ನಕ್ಕಿರಲಿಲ್ಲ. ನೆಕ್ಕಮ್ಮಾ, ಶೂ ಬೇಡ, ಹಳೇ ಚಪ್ಪಲಿ ಹಾಕ್ಕೋ. ಮಗಳಿಗೆ ಒಳ್ಳೆಯ ಹೆಸರೊಂದು ಇದೆ, ಸ್ಕೂಲಿನ ಹಾಜರಿ ಬಿಟ್ಟರೆ ಎಲ್ಲಿಯೂ ಓಡಾಡುವುದಿಲ್ಲ ಅದು, ಏಳು ತಿಂಗಳಿಗೆ ಕಿಟಕಿಯ ಸರಳು ನೆಕ್ಕಿದಳು, ವರ್ಷಕ್ಕೆ ಅಪ್ಪನ ಸ್ಪ್ಯಾನರು, ಎರಡಕ್ಕೆ ಟಾರ್ಚಿನ ಸೆಲ್ಲು, ಹಾಗಾಗಿ ನೆಕ್ಕಮ್ಮ, ಈಗ ಏಳು ವರ್ಷ, ಇನ್ನೂ ಬಿಟ್ಟಿಲ್ಲ, ಕಣ್ಣು ಮುಚ್ಚುತ್ತಾಳೆ, ನಾಲಗೆಯ ತುದಿಯನ್ನು ಮಾತ್ರ ಚಾಚುತ್ತಾಳೆ, ಎರಡು ಕ್ಷಣ ಉಸಿರು ಹಿಡಿದು ನಿಲ್ಲುತ್ತಾಳೆ, ಆಮೇಲೆ ತೀರ್ಪು, ಬಾಗಿಲು ಕಹಿ, ಸೆಲ್ಲು ಚುರುಚುರು, ಅಜ್ಜಿಯ ಮೊಣಕೈ ಉಪ್ಪು. ಆ ನಾಲಗೆಯ ತುದಿ, ಗುಲಾಬಿ ಬಣ್ಣದ್ದು, ಬೆಕ್ಕಿನ ಮರಿಯದರ ಹಾಗೆ ಚೂಪು, ಅವಳ ಕಣ್ಣ ಮುಂದೆ ಬಂದು ನಿಂತಿತು, ಎರಡು ತಿಂಗಳಿನಿಂದ ಹೀಗೇ, ಬಟ್ಟೆ ಮಡಿಸುವಾಗ, ತರಕಾರಿ ಹೆಚ್ಚುವಾಗ, ಕಾರಣವಿಲ್ಲದೆ ಬರುತ್ತದೆ, ತೀರ್ಪು ಕೊಡುವ ಮೊದಲಿನ ಆ ಎರಡು ಕ್ಷಣ.

ಹಿತ್ತಲ ಬಾಗಿಲು ತೆಗೆದಳು, ತೆಗೆಯಬೇಕಾಗಿರಲಿಲ್ಲ, ಮುಂಬಾಗಿಲಿನಿಂದಲೇ ಹೋಗಬಹುದು, ಕಾಲು ತಾನಾಗಿ ಇತ್ತ ಬಂತು. ಹಸಿರು ಬಲೆಯ ನೆರಳು, ಕೆಳಗೆ ಖಾಲಿ ನೆಲ, ಗಿಡದ ಅರುವತ್ತು ಪ್ಲಾಸ್ಟಿಕ್ ತೊಟ್ಟೆಗಳು ಕೂತಿದ್ದ ಅರುವತ್ತು ದುಂಡನೆಯ ಗುರುತುಗಳು, ಸಾಲಿಗೆ ಹತ್ತರಂತೆ, ಗುಡಿಸಲು ಮನಸ್ಸು ಬಂದಿಲ್ಲ ಅವಳಿಗೆ, ಪಕ್ಕದಲ್ಲಿ ಎರಡು ಡ್ರಮ್ಮು, ನೀಲಿಯದು ಸಿಹಿನೀರು, ಕಪ್ಪಿನದು ಉಪ್ಪುನೀರು. ಒಂಬತ್ತು ಮನೆಗಳ ಹಿತ್ತಲಿನಲ್ಲೂ ಇಂಥವೇ ಎರಡೆರಡು ಡ್ರಮ್ಮು, ಒಂಬತ್ತು ಮನೆ ಸೇರಿ ಒಂದು ನರ್ಸರಿ. ಅದಕ್ಕೂ ಹಿಂದಿನ ವರ್ಷ ಲಾರಿಯಲ್ಲಿ ಬಂದಿದ್ದವು ಗಿಡಗಳು, ಎಲ್ಲಿಂದಲೋ, ಸಾವಿರಾರು, ನೋಡಲು ಚೆಂದ, ನೆಟ್ಟು ಕೈ ತೊಳೆದು ಫೋಟೋ ತೆಗೆಸಿಕೊಂಡು ಹೋದರು ನೆಟ್ಟವರು, ಎರಡು ತಿಂಗಳಿಗೆ ಕೆಸರಿನಲ್ಲಿ ಬರೀ ಕಡ್ಡಿ, ಆ ಮಳೆಗಾಲ ಸಮುದ್ರ ಬೀದಿಗೆ ಬಂತು, ಮುಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದ ಹೋಯಿತು, ಅತ್ತೆಯ ಒಂದು ಚಪ್ಪಲಿ ಮೂರನೇ ಮನೆಯ ಮೆಟ್ಟಿಲಿನ ಮೇಲೆ ಸಿಕ್ಕಿತು. ಆಗ ಬಂದವರು ಗಿಡದ ಟೀಚರ್, ಮಂಡಿಯವರೆಗಿನ ಬೂಟು, ಕೈಯಲ್ಲಿ ಅಳತೆಕೋಲು, ಬಂದವರೇ ಭಾಷಣ ಮಾಡಲಿಲ್ಲ, ಈ ನೀರಿನಲ್ಲಿ ಮೊದಲು ಬೆಳೀತಿದ್ದ ಗಿಡ ಯಾವುದು ಅಂತ ಕೇಳಿದರು. ಅತ್ತೆಗೆ ಗೊತ್ತಿತ್ತು. ಅಳಿವೆಯ ಆಚೆ ದಡದಲ್ಲಿ ಇನ್ನೂ ಏಳು ಮರ ಉಳಿದಿದ್ದವು, ಕಾಂಡ್ಲಾ ಮರಗಳು, ಮಕ್ಕಳು ಅದನ್ನು ಉಪ್ಪೆಲೆ ಮರ ಅನ್ನುತ್ತಾರೆ, ಬುಡದ ಸುತ್ತ ಕೆಸರಿನಿಂದ ಬೇರುಗಳು ಬೆರಳಿನ ಹಾಗೆ ಮೇಲೆದ್ದು ನಿಂತಿರುತ್ತವೆ, ಎಲೆ ತನಗೆ ಬೇಡದ ಉಪ್ಪನ್ನು ಬೆವರಿನ ಹಾಗೆ ಹೊರಗೆ ಹಾಕುತ್ತದೆ, ಬಿಸಿಲಿಗೆ ಅದು ಒಣಗಿ ಹರಳಾಗುತ್ತದೆ. ದೋಣಿಯಲ್ಲಿ ಹೋಗಿ ಬೀಜ ಆರಿಸಿ ತಂದದ್ದು, ಬಾದಾಮಿಯಷ್ಟು ದೊಡ್ಡವು, ಬಕೆಟ್ಟಿನ ನೀರಿನಲ್ಲಿ ನೆನೆಸಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಸಿಪ್ಪೆ ಬಿಚ್ಚಿಕೊಂಡು ತೇಲುತ್ತಿದ್ದವು, ಅವುಗಳಿಗೆ ಅವಸರ, ಅವಳಿಗೂ ಅವಸರ, ತೊಟ್ಟೆಗೆ ಕೆಸರು ತುಂಬುತ್ತಾ ತುಂಬುತ್ತಾ ಉಗುರೆಲ್ಲ ಕಪ್ಪಾಗಿ, ಅದೇ ಕೈಯಲ್ಲಿ ಹಿಟ್ಟು ಕಲಸಿದರೆ ನಾನು ತಿನ್ನಲ್ಲ ಅಂತ ನೆಕ್ಕಮ್ಮ, ಕಿಟಕಿ ಸರಳು ನೆಕ್ಕಿದವಳು.

ಬೇಗ ಬೇಗ, ಒಂಬತ್ತೂ ಮುಕ್ಕಾಲು. ಬೀದಿಗಿಳಿದಾಗ ಕಾಲಿಗೆ ಏನೋ ಬೇರೆ ಅನ್ನಿಸಿತು, ನೋಡಿದರೆ ಎಡಗಾಲಿನಲ್ಲಿ ತನ್ನದು, ಬಲಗಾಲಿನಲ್ಲಿ ಅತ್ತೆಯದು, ಅತ್ತೆ ಹಿಂದೆ ನಿಂತು ತಮ್ಮ ಕಾಲು ನೋಡಿಕೊಳ್ಳುತ್ತಿದ್ದಾರೆ, ಹೋಗಲಿ ನಡಿ, ಕೆಸರಿಗೆ ಇಳಿಯೋವಾಗ ಹೇಗೂ ಬಿಡ್ಬೇಕಲ್ಲ. ಮಗಳು ಮುಂದೆ ಮುಂದೆ ಜಿಗಿಯುತ್ತಾಳೆ, ಚೀಲದೊಳಗೆ ಬಾಟಲಿ ತೊಡೆಗೆ ತಗಲುತ್ತಾ ಗುಳುಕ್ ಗುಳುಕ್, ಸಿಹಿನೀರಿನ ಸದ್ದೇ ಬೇರೆ, ಅಥವಾ ಅವಳಿಗೆ ಮಾತ್ರ ಹಾಗೆ ಕೇಳುತ್ತದೆಯೋ, ಆ ಸದ್ದನ್ನು ಅವಳು ಕದ್ದು ಕೇಳಿದ್ದಳಲ್ಲ ಅಷ್ಟು ದಿನ. ಮೂರು ತಿಂಗಳು ಬರೀ ಸಿಹಿನೀರು ಹಾಕಿ, ಆಮೇಲೆ ವಾರಕ್ಕೊಂದು ಮಗ್ಗು ಉಪ್ಪುನೀರು ಬೆರೆಸ್ತಾ ಬನ್ನಿ, ಅರ್ಧಕ್ಕರ್ಧ ಆಗ್ಲಿ, ಕೊನೆಗೆ ಪೂರ್ತಿ ಉಪ್ಪು, ಆ ಅಭ್ಯಾಸ ಆಗ್ದೆ ಸಮುದ್ರಕ್ಕೆ ಹೋದ್ರೆ ಒಂದೇ ವಾರಕ್ಕೆ ಸುಟ್ಟು ಹೋಗ್ತವೆ, ಲಾರಿಯಲ್ಲಿ ಬಂದಿದ್ವಲ್ಲ, ಹಾಗೆ, ಅಂದಿದ್ದರು ಟೀಚರ್. ತಲೆಯಾಡಿಸಿದ್ದಳು, ಎಲ್ಲರಿಗಿಂತ ಜಾಸ್ತಿ ತಲೆಯಾಡಿಸಿದ್ದಳು. ಮೊದಲ ಮಗ್ಗಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಎಲೆಯ ಅಂಚು ಕಂದಿತು. ಮೂರನೆಯ ವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅರುವತ್ತೂ ತಲೆ ತಗ್ಗಿಸಿ ನಿಂತಿದ್ದವು, ಸ್ಕೂಲಿನ ಗೇಟಿನ ಹತ್ತಿರ ಬಿಟ್ಟು ಬಂದ ಮಗುವಿನ ಹಾಗೆ, ಎಲೆಯ ಬೆನ್ನು ಬೆಳ್ಳಗೆ ಕಾಣುವಂತೆ ಮಡಚಿಕೊಂಡು, ಅವಳು ಆ ಕಡೆ ಈ ಕಡೆ ನೋಡಿ ನೀಲಿ ಡ್ರಮ್ಮಿನಿಂದ ಒಂದು ಚೊಂಬು ತೆಗೆದು, ಒಂದೇ ಒಂದು ದಿನ, ಇವತ್ತು ಮಾತ್ರ, ಬಾಯಾರಿದೆ ಪಾಪ, ಅಂದಳು, ಮಾರನೇ ದಿನವೂ ಅದನ್ನೇ ಅಂದಳು.

ಸ್ಕೂಲಿನ ಗೇಟು — ಆಗಲೂ ಹೀಗೆಯೇ, ನೆಕ್ಕಮ್ಮನನ್ನು ಬಿಟ್ಟು ಬರಲಾಗದೆ ಒಂದು ತಿಂಗಳು ತರಗತಿಯ ಕಿಟಕಿಯ ಹೊರಗೆ ನಿಂತಿದ್ದಳು, ಹುಡುಗಿ ಅಳುವುದು, ಇವಳು ಸರಳಿನ ಸಂದಿನಿಂದ ಬಾಟಲಿ ಕೊಡುವುದು, ಹುಡುಗಿ ಕುಡಿದು ಮತ್ತೆ ಅಳುವುದು, ಕೊನೆಗೆ ಸ್ಕೂಲಿನ ಮೇಡಂ ಒಂದು ಕುರ್ಚಿ ತಂದು ಹಿಂದಿನ ಬೆಂಚಿನ ಪಕ್ಕ ಹಾಕಿ, ಬನ್ನಿ ಒಳಗೇ ಕೂತ್ಕೊಳಿ, ಹಾಜರಿ ಹಾಕ್ತೀನಿ, ಅಂದಾಗ ಇಡೀ ತರಗತಿ ನಕ್ಕಿತು, ನೆಕ್ಕಮ್ಮನೂ ನಕ್ಕಳು, ಇವಳು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು, ಆ ದಿನದಿಂದ ಮಗಳು ಅಳಲಿಲ್ಲ. ಗೊತ್ತಿತ್ತು ಅವಳಿಗೆ, ಎಲ್ಲ ಗೊತ್ತಿತ್ತು, ಆದರೂ ಚೊಂಬು ಕೈಗೆ ಬರುತ್ತಿತ್ತು. ಗಿಡಗಳೂ ಏನು ಗಿಡಗಳು, ಸಿಹಿನೀರು ಬಿದ್ದ ಕೂಡಲೇ ತಲೆಯೆತ್ತಿ, ಎಲೆ ಮೇಲೆ ಎಲೆ ಬಿಟ್ಟು, ಹೊಳೆಹೊಳೆದು, ಮೊಳಕಾಲು ದಾಟಿ ತೊಡೆಯವರೆಗೆ, ಪಕ್ಕದ ಮನೆಯ ದರ್ಜಿ ಅಕ್ಕ ಗೋಡೆಯ ಮೇಲಿಂದ ಇಣುಕಿ, ಏನು ಹಾಕ್ತೀಯೇ ನೀನು, ನಮ್ಮವು ಸೊರಗಿ ಸೂಜಿದಾರ ಆಗಿವೆ, ನಿಮ್ಮವು ಮದುವೆ ಹೆಣ್ಣಿನ ಹಾಗೆ ಕೂತಿವೆ, ಅವಳು ಏನೂ ಇಲ್ಲಕ್ಕ ಅನ್ನುತ್ತಾ ಕೆನ್ನೆ ಬಿಸಿ ಮಾಡಿಕೊಂಡಳು, ಸುಳ್ಳು ಹೇಳಿದ ಬಿಸಿಯೋ ಹೆಮ್ಮೆಯ ಬಿಸಿಯೋ, ಎರಡೂ ಒಂದೇ ಕಡೆ ಕೂತಿದ್ದವು.

ಹಾಂ, ಅಕ್ಕನೂ ಹೊರಟಿದ್ದಾರೆ, ಕುತ್ತಿಗೆಗೆ ಅಳತೆಯ ಟೇಪು ಹಾಗೇ ನೇತಾಡುತ್ತಿದೆ, ತೆಗೆಯಲು ಮರೆತಿದ್ದಾರೆ, ಕೆಸರಿನಲ್ಲಿ ಅವರದು ನೀಲಿ ಬಟ್ಟೆ ಕಟ್ಟಿದ ಗಿಡಗಳ ಪಟ್ಟಿ, ಅವಳದರ ಎಡಕ್ಕೆ, ಬಲಕ್ಕೆ ಐಸ್ ಫ್ಯಾಕ್ಟರಿ ಅಣ್ಣನ ಕೆಂಪು, ನಡುವೆ ಅವಳ ಹಳದಿ, ನೆಕ್ಕಮ್ಮನ ಹಳೆಯ ಫ್ರಾಕು ಹರಿದು ಮಾಡಿದ ಹಳದಿ. ಬಂದ್ಯಾ, ಬಾ, ರಾತ್ರಿ ನಿದ್ದೆ ಬಂತಾ, ಅಂದರು ಅಕ್ಕ. ಬಂತಕ್ಕ. ಸುಳ್ಳು, ನಿನ್ನ ಮುಖ ಇಸ್ತ್ರಿ ಮಾಡದ ಬಟ್ಟೆ ಥರ ಇದೆ. ನಕ್ಕರು ಇಬ್ಬರೂ. ಈ ಎರಡು ತಿಂಗಳಲ್ಲಿ ಅಕ್ಕ ಅವಳ ಜೊತೆ ನಗುತ್ತಿರುವುದು ಇದು ಮೂರನೇ ಸಲ, ಎಣಿಸಿದ್ದಾಳೆ, ಎಣಿಸದೆ ಏನು ಮಾಡುತ್ತಾಳೆ, ಆವತ್ತು ಅಕ್ಕನ ಜಗುಲಿಯಲ್ಲೇ ಅಲ್ಲವೇ ಅದು ನಡೆದದ್ದು, ಒಂಬತ್ತು ಮನೆಯ ಗಿಡಗಳನ್ನು ಟ್ರೇಗಳಲ್ಲಿ ಸಾಲಾಗಿ ಇಟ್ಟು, ನೆಡುವುದಕ್ಕೆ ಇನ್ನು ಹದಿನೆಂಟೇ ದಿನ, ಟೀಚರ್ ಅವಳ ಟ್ರೇಯ ಮುಂದೆ ನಿಂತು ಬಗ್ಗಿ, ಆಹಾ ಅಂದರು, ಏನು ಮಾಡಿದ್ರಿ ಅಮ್ಮ, ಎಲ್ಲರಿಗೂ ಹೇಳಿಕೊಡಿ, ಒಂಬತ್ತು ಮನೆಯವರೂ ಅವಳ ಕಡೆ ತಿರುಗಿದರು, ಅಷ್ಟರಲ್ಲಿ ನೆಕ್ಕಮ್ಮ ಸಾಲಿನ ಆ ತುದಿಯಿಂದ ಹೊರಟಿದ್ದಾಳೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದೊಂದೇ ಟ್ರೇಗೆ ಬಗ್ಗಿ, ಕಣ್ಣು ಮುಚ್ಚಿ, ನಾಲಗೆಯ ತುದಿ, ಐಸ್ ಮಾಮನ ಗಿಡ ಉಪ್ಪು, ಅಕ್ಕನ ಗಿಡ ಉಪ್ಪು, ಬೇಕರಿಯವರದು ಉಪ್ಪುಪ್ಪು, ಎಲ್ಲರೂ ನಗುತ್ತಿದ್ದಾರೆ, ಟೀಚರ್ ಕೂಡ, ಅಮ್ಮಾ ತಡಿ, ನಮ್ಮದು ನೋಡ್ತೀನಿ, ಬಗ್ಗಿದಳು, ಮುಚ್ಚಿದ ಕಣ್ಣು, ಚಾಚಿದ ನಾಲಗೆ, ಒಂದು ಕ್ಷಣ, ಎರಡು ಕ್ಷಣ.

ಸಪ್ಪೆ.

ಅಮ್ಮಾ, ನಮ್ಮ ಗಿಡ ಸಪ್ಪೆ, ಅಂದಳು ಮತ್ತೆ, ಯಾರಿಗೂ ಕೇಳಿಸಲಿಲ್ಲವೇನೋ ಅಂತ ಸ್ವಲ್ಪ ಗಟ್ಟಿಯಾಗಿ. ಟೀಚರ್ ನಗುವುದನ್ನು ನಿಲ್ಲಿಸಿ ತಾವೂ ಒಂದು ಎಲೆ ಕಿತ್ತು ನಾಲಗೆಗೆ ಇಟ್ಟುಕೊಂಡರು, ಎಲೆಯನ್ನು ಜೇಬಿಗೆ ಹಾಕಿಕೊಂಡರು. ನಾನೇ, ಅಂದಳು ಅವಳು, ದಿನಾ ಬೆಳಿಗ್ಗೆ ಒಂದೊಂದು ಚೊಂಬು, ನಾನೇ ಹಾಕಿದ್ದು — ಅವಳ ಮಾತು ಮುಗಿಯುವ ಮೊದಲೇ ಹಿಂದಿನಿಂದ ಅತ್ತೆ, ಅವಳಲ್ಲ, ನಾನು, ಸಾಯಂಕಾಲ ಅವಳು ಬಟ್ಟೆ ತೆಗೆಯೋಕೆ ಹೋದಾಗ ನಾನು ಹಾಕ್ತಿದ್ದೆ, ಬಾಡಿ ಹೋಗಿದ್ವು ಪಾಪ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ನೀವೂನಾ. ನೀನೂನಾ. ಕಪ್ಪು ಡ್ರಮ್ಮಿನಿಂದ ಹಾಕಿದ ಉಪ್ಪು ಅರ್ಧ ದಿನವೂ ನಿಂತಿರಲಿಲ್ಲ ಆ ಗಿಡಗಳ ಬುಡದಲ್ಲಿ, ಬೆಳಿಗ್ಗೆ ಒಬ್ಬರು ತೊಳೆದರು, ಸಾಯಂಕಾಲ ಒಬ್ಬರು ತೊಳೆದರು. ಬೇರೆ ಯಾವ ದಿನವಾದರೂ ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ದರ್ಜಿ ಅಕ್ಕ ಹೇಳಿದ್ದು ಒಂದೇ ಮಾತು, ನೀನು ನಡೂಮಧ್ಯ ಇರೋಳು ಕಣೇ. ಅಷ್ಟೇ. ಅಷ್ಟರಲ್ಲೇ ಎಲ್ಲ ಇತ್ತು, ಹಳದಿ ಪಟ್ಟಿ ಇರುವುದು ಒಂಬತ್ತರ ನಡುವೆ, ನೀರು ನೇರವಾಗಿ ನುಗ್ಗುವ ಜಾಗದಲ್ಲಿ, ಅದು ಸತ್ತರೆ ಆ ಸಂದಿನಲ್ಲಿ ನೀರು ಕಾಲುವೆ ಕೊರೆಯುತ್ತದೆ, ಆ ಕಡೆಯ ನೀಲಿ, ಈ ಕಡೆಯ ಕೆಂಪು, ಬುಡಸಮೇತ ಎದ್ದು ಹೋಗುತ್ತವೆ, ಅಕ್ಕ ಹೊಲಿಗೆ ಬಿಟ್ಟು ಮಗ್ಗು ಎಣಿಸಿ ಹಾಕಿದ ಉಪ್ಪುನೀರೆಲ್ಲ ನೀರಿನಲ್ಲಿ ಹೋಗುತ್ತದೆ.

ಕಟ್ಟೆ ಬಂತು. ಮೆಟ್ಟಿಲು ಹತ್ತುವಾಗಲೇ ವಾಸನೆ, ಕೆಸರಿನದು, ಮೊಟ್ಟೆ ಒಡೆದ ಹಾಗೆ, ಎಷ್ಟು ಜನ ಮೂಗು ಮುಚ್ಚುತ್ತಾರೆ ಇದಕ್ಕೆ, ಅವಳಿಗೆ ಈಗ ಹಸಿವಾಗುತ್ತದೆ ಈ ವಾಸನೆಗೆ, ಎದೆ ಉಬ್ಬಿಸಿ ಎಳೆದುಕೊಂಡಳು, ಮೇಲೆ ನಿಂತರೆ ಗಾಳಿ, ಹೊಳೆಯುವ ಬಯಲು, ನೀರು ಇನ್ನೂ ಹೋಗುತ್ತಿದೆ, ಸಣ್ಣ ಸಣ್ಣ ಕಾಲುವೆಗಳಲ್ಲಿ ಪಿಸುಗುಟ್ಟುತ್ತಾ, ಏಡಿಗಳು ಬಿಲದಿಂದ ಬಂದು ಕೈ ಎತ್ತಿ ನಿಂತಿವೆ, ಕೆಂಪು, ನೀಲಿ, ಅಗೋ ಹಳದಿ, ನಲವತ್ತು ದಿನ ಬರೀ ಈ ಬಟ್ಟೆಯ ತುದಿಗಳನ್ನು ನೋಡುತ್ತಾ ನಿಂತಳಲ್ಲ ದಿನಾ ಸಾಯಂಕಾಲ, ಇಷ್ಟು ದೂರಕ್ಕೆ ಬೇರೇನೂ ಕಾಣುವುದಿಲ್ಲ, ಗಾಳಿಗೆ ಹಳದಿ ಬಟ್ಟೆ ಪಟಪಟ ಅಂದರೆ ಸಾಕು, ಇದ್ದೀವಿ ಅಂತಿವೆ ನೋಡಿ ಅತ್ತೆ ಅನ್ನುತ್ತಿದ್ದಳು, ಬಟ್ಟೆ ಅಂತಿದೆ, ಗಿಡ ಏನಂತಿದೆಯೋ, ಅನ್ನುತ್ತಿದ್ದರು ಅತ್ತೆ. ಆ ಹದಿನೆಂಟು ದಿನ. ವರ್ಷ ಬಿಟ್ಟು ನೆಡೋಣ ಅಂದಿದ್ದರು ಟೀಚರ್, ಇವು ಬೇಡ, ಅವಳು ಅವರ ಬೂಟಿನ ಮುಂದೆಯೇ ಕೂತುಬಿಟ್ಟಳು, ಕೊಡಿ ಹದಿನೆಂಟು ದಿನ, ಈ ಸಲ ಒಂದು ತೊಟ್ಟು ಸಿಹಿ ಕೊಡಲ್ಲ. ಕೊಡಲಿಲ್ಲ. ಅತ್ತೆ ನೀಲಿ ಡ್ರಮ್ಮಿಗೆ ಹಗ್ಗ ಬಿಗಿದು ಏಳು ಗಂಟು ಹಾಕಿದರು, ತಾವೇ ಬಿಚ್ಚಲಾಗದಂಥ ಗಂಟು. ಮೂರು ದಿನಕ್ಕೊಂದು ಮಗ್ಗು ಜಾಸ್ತಿ, ಎಲೆ ಸುರುಟಿತು, ಉದುರಿತು, ಅವಳು ಉಪ್ಪುನೀರು ಹಾಕಿ ಒಳಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು, ಅಳುವುದೂ ಉಪ್ಪೇ ಅಲ್ವಾ ಅಮ್ಮಾ, ಅದನ್ನೂ ಹಾಕು ಅಂತ ಹೊರಗಿನಿಂದ ನೆಕ್ಕಮ್ಮ, ನಗು ಬಂತು ಅಳುವಿನ ನಡುವೆ. ನೆಡುವ ದಿನ ಅವಳ ಹತ್ತಿರ ಇದ್ದದ್ದು ಅರುವತ್ತು ಕಡ್ಡಿ. ಒಂದೊಂದರ ನೆತ್ತಿಯಲ್ಲಿ ಒಂದು ಮುಚ್ಚಿದ ಮೊಗ್ಗು, ಬೆಂಕಿಕಡ್ಡಿಯ ತಲೆಯಷ್ಟು. ಕಡ್ಡಿಮನೆಯವರು ಬಂದರು ದಾರಿ ಬಿಡಿ ಅಂದ ಐಸ್ ಫ್ಯಾಕ್ಟರಿ ಅಣ್ಣ.

ಟೀಚರ್ ಕಟ್ಟೆಯ ಮೇಲೆ ಎಲ್ಲರನ್ನೂ ನಿಲ್ಲಿಸಿ ಹೇಳುತ್ತಿದ್ದಾರೆ, ಅವಳನ್ನು ನೋಡಿಯೇ ಹೇಳುತ್ತಿದ್ದಾರೆ, ನೋಡಿ ಅಮ್ಮ, ಎಲೆ ಬಂದಿದ್ರೂ ತಕ್ಷಣ ಖುಷಿ ಪಡಬೇಡಿ, ಹೂದಾನಿಯಲ್ಲಿ ಇಟ್ಟ ಕೊಂಬೆನೂ ಚಿಗುರುತ್ತೆ, ಕಡ್ಡಿಯೊಳಗೆ ಉಳಿದ ಸಿಹಿನೀರಿನ ಬಲದಲ್ಲೇ ಒಂದು ಜೊತೆ ಎಲೆ ಬಿಟ್ಟು ಆಮೇಲೆ ಸಾಯಬಹುದು, ಬೇರು ಕೆಸರಿನ ನೀರು ಕುಡೀತಿದ್ರೆ ಮಾತ್ರ ಎಲೆ ಉಪ್ಪು ಬೆವರುತ್ತೆ, ಸಮುದ್ರ ಎರಚಿದ ಉಪ್ಪನ್ನ ಮೊದಲು ಸಿಹಿನೀರಲ್ಲಿ ತೊಳೀರಿ, ಒರೆಸಿ, ಅರ್ಧ ಗಂಟೆ ಬಿಸಿಲಿಗೆ ಬಿಡಿ, ಆಮೇಲೆ ನೆಕ್ಕಿ ನೋಡಿ. ಸಪ್ಪೆ ಇದ್ರೆ — ನಿಲ್ಲಿಸಿದರು, ಎಲ್ಲರಿಗೂ ಗೊತ್ತು, ಸಪ್ಪೆ ಇದ್ದರೆ ನಾಳೆಯೇ ಹಳದಿ ಪಟ್ಟಿಯ ಅಗಲಕ್ಕೂ ಕಲ್ಲು ಸುರಿಯುವುದು, ಮಳೆಗಾಲ ಕಾಯುವುದಿಲ್ಲ, ಎರಡೂ ಕಡೆಯ ಗಿಡ ಉಳಿಯಬೇಕಲ್ಲ, ಕಟ್ಟೆಯ ಕೆಳಗೆ ಕಲ್ಲು ಆಗಲೇ ಬಂದು ಬಿದ್ದಿದೆ, ಮೂರು ಗಾಡಿ, ಅದರ ಕಡೆ ನೋಡಬೇಡ, ನೋಡಿದಳು, ಒಮ್ಮೆ ಬಿದ್ದ ಕಲ್ಲು ಏಳುವುದಿಲ್ಲ, ಎಂಟು ಮನೆಯ ಹಸಿರಿನ ನಡುವೆ ಹಲ್ಲು ಬಿದ್ದ ಜಾಗದಲ್ಲಿ ಕಲ್ಲು, ನೆಕ್ಕಮ್ಮ ದೊಡ್ಡವಳಾಗಿ ಈ ಕಟ್ಟೆಯ ಮೇಲೆ ನಡೆಯುವಾಗಲೂ ಯಾರಾದರೂ ಹೇಳುತ್ತಾರೆ, ಅದಾ, ಅದು ನಿಮ್ಮಮ್ಮನ ಜಾಗ.

ಇಳಿದಳು. ಹಲಗೆಯ ಮೇಲೆ ಹೆಜ್ಜೆ ಇಡಿ ಅಂದರು ಟೀಚರ್, ಹಲಗೆ ಹಾಸಿದ್ದಾರೆ, ಎರಡು ಬೇರೆ ಬೇರೆ ಚಪ್ಪಲಿಗಳನ್ನು ದಡದಲ್ಲಿ ಬಿಟ್ಟು, ಕಾಲ ಬೆರಳ ನಡುವೆ ತಣ್ಣಗೆ ಕೆಸರು ಉಕ್ಕಿತು, ಮೊದಲ ಗೂಟ, ಹಳದಿ ಬಟ್ಟೆ, ಗೂಟದ ಬುಡದಲ್ಲಿ ಮೊದಲ ಕಡ್ಡಿ, ಬರೀ ಕಡ್ಡಿ, ಮುಟ್ಟಿದರೆ ಲಟಕ್ ಅಂತ ಮುರಿಯಿತು. ಎರಡನೆಯದು, ಲಟಕ್. ಮೂರನೆಯದನ್ನು ಅವಳು ಮುಟ್ಟಲಿಲ್ಲ, ಅತ್ತೆ ಮುಟ್ಟಿದರು. ದಡದ ಹತ್ತಿರದ ಎರಡು ಸಾಲು, ಇಪ್ಪತ್ತು, ಇಪ್ಪತ್ತೂ ಕಡ್ಡಿ. ದರ್ಜಿ ಅಕ್ಕ ತಮ್ಮ ನೀಲಿ ಸಾಲಿನಲ್ಲಿ ನಿಂತಿದ್ದಾರೆ, ಸುತ್ತ ಎಲ್ಲ ಚಿಗುರಿದೆ ಅವರದು, ಅವರು ತಮ್ಮದನ್ನು ನೋಡುತ್ತಿಲ್ಲ, ಇವಳನ್ನು ನೋಡುತ್ತಿದ್ದಾರೆ, ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ. ಅಮ್ಮಾ, ಅಂದಳು ನೆಕ್ಕಮ್ಮ, ಹಗುರ ಕಾಲಿನವಳು, ಹಲಗೆಯ ತುದಿಗೆ ಆಗಲೇ ಹೋಗಿಬಿಟ್ಟಿದ್ದಾಳೆ, ಅಮ್ಮಾ, ಇಲ್ಲಿ ಇದು ಏನೋ ಮಾಡ್ತಿದೆ. ಏನು ಮಾಡ್ತಿದೆ. ಕೈ ಮುಗೀತಿದೆ. ಓಡಬಾರದು, ಓಡಿದಳು, ಹಲಗೆ ಕುಣಿಯಿತು, ಕೆಸರು ಮಂಡಿಯವರೆಗೆ ಹಾರಿತು, ಬಗ್ಗಿದಳು, ಕಡ್ಡಿಯ ನೆತ್ತಿಯಲ್ಲಿ ಎರಡು ಎಲೆ, ಒಂದಕ್ಕೊಂದು ಅಂಟಿಕೊಂಡು ಈಗಷ್ಟೇ ಬಿಡಿಸಿಕೊಳ್ಳುತ್ತಿರುವಂಥವು, ಮಗುವಿನ ಉಗುರಿನಷ್ಟು, ಮೇಲೆ ಹಸಿರು, ಬೆನ್ನಿಗೆ ಬೂದಿ, ಅದರ ಪಕ್ಕದ್ದರಲ್ಲಿ ಎರಡು, ಆಚೆಯದರಲ್ಲಿ ನಾಲ್ಕು, ನಾಲ್ಕು, ಅತ್ತೇ ನಾಲ್ಕಿವೆ ಇದರಲ್ಲಿ, ನೀರಿನ ಕಡೆಯ ನಾಲ್ಕು ಸಾಲು, ಎಣಿಸಿದಳು, ತಪ್ಪಿತು, ಮತ್ತೆ ಎಣಿಸಿದಳು, ಅತ್ತೆ ಬೇರೆ ಕಡೆಯಿಂದ ಎಣಿಸಿಕೊಂಡು ಬಂದರು, ಮೂವತ್ತೇಳು, ಮೂವತ್ತೇಳಾ, ಮೂವತ್ತೇಳು, ಅರ್ಧಕ್ಕಿಂತ ಜಾಸ್ತಿ, ಅರ್ಧ ಹಿಡಿದ್ರೂ ಸಂದು ಮುಚ್ಚುತ್ತೆ ಅಂದಿದ್ದರಲ್ಲ ಟೀಚರ್, ತಡಿ, ತಡಿ, ಹೂದಾನಿಯ ಕೊಂಬೆನೂ ಚಿಗುರುತ್ತೆ.

ಬಾಟಲಿ. ಚೀಲದಿಂದ ತೆಗೆದಾಗ ಐಸ್ ಫ್ಯಾಕ್ಟರಿ ಅಣ್ಣ ಆ ಕಡೆಯಿಂದ, ನೋಡಮ್ಮಾ, ತೊಳೀಲಿಕ್ಕೆ ಮಾತ್ರ, ಕುಡಿಸಬೇಡ, ಅಂದ, ಈ ಸಲ ಎಲ್ಲರೂ ನಕ್ಕರು, ಅಕ್ಕನೂ, ನಾಲ್ಕನೇ ಸಲ. ಮೀನಿನ ಚಿತ್ರದ ಮುಚ್ಚಳ ತಿರುಗಿಸಿದಳು, ಎಡಗೈಯನ್ನು ಎಲೆಯ ಕೆಳಗೆ ಬೊಗಸೆಯ ಹಾಗೆ ಹಿಡಿದು, ಬುಡಕ್ಕೆ ಒಂದು ತೊಟ್ಟೂ ಬೀಳದ ಹಾಗೆ, ನಿಧಾನವಾಗಿ ಹೊಯ್ದಳು, ಎಲೆ ನೀರಿಗೆ ಬಾಗಿ ಮತ್ತೆ ಎದ್ದಿತು, ಬೊಗಸೆ ತುಂಬಿದ ನೀರನ್ನು ದೂರ ಚೆಲ್ಲಿದಳು, ಕರವಸ್ತ್ರದ ತುದಿಯಿಂದ ಒರೆಸಿದಳು, ನೆಕ್ಕಮ್ಮ ಹಸುಗೂಸಾಗಿದ್ದಾಗ ಕಿವಿಯ ಹಿಂದೆ ಒರೆಸುತ್ತಿದ್ದ ಹಾಗೆ, ಮೇಲೆ, ಬೆನ್ನಿಗೆ, ಇನ್ನೊಂದು ಎಲೆ, ಮೇಲೆ, ಬೆನ್ನಿಗೆ. ಈಗ ಕಾಯಬೇಕು. ಅರ್ಧ ಗಂಟೆ. ಬಿಸಿಲು ನೆತ್ತಿಯ ಮೇಲೆ, ನೀರು ಪೂರ್ತಿ ಹೋಗಿ ನಿಂತಿದೆ, ಇನ್ನೊಂದು ಗಳಿಗೆಗೆ ತಿರುಗಿ ಬರುತ್ತದೆ, ನಾಲ್ಕು ಹೆಂಗಸರು ಒಂದು ಕಡ್ಡಿಯ ಸುತ್ತ ನಿಂತಿದ್ದಾರೆ, ನೆರಳು ಬೀಳ್ತಿದೆ ಸರೀರಿ ಅತ್ತೆ, ಸರಿದೆ ಕಣಮ್ಮ, ಗಂಡ ಯಾವಾಗ ಬಂದರೋ ಕಟ್ಟೆಯ ಮೇಲೆ ನಿಂತು ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದಾರೆ, ಏನು ಅಂತ ಕೇಳುವುದಿಲ್ಲ, ಹೋಗುವುದೂ ಇಲ್ಲ. ಅಕ್ಕ ಪಕ್ಕಕ್ಕೆ ಬಂದು ಅವಳ ಮೊಣಕೈ ಹಿಡಿದುಕೊಂಡಿದ್ದಾರೆ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು, ನಾನೂ ಒಂದು ದಿನ ಹಾಕಿದ್ದೆ ಕಣೇ, ಒಂದು ಲೋಟ, ಯಾರಿಗೂ ಹೇಳ್ಬೇಡ, ಅಂದರು ಕಿವಿಯಲ್ಲಿ, ಅವಳು ತಿರುಗಿ ನೋಡಿದರೆ ಅಕ್ಕ ಸಮುದ್ರದ ಕಡೆ ನೋಡುತ್ತಿದ್ದಾರೆ. ದೂರದಲ್ಲಿ ನೀರಿನ ಅಂಚು ಅಲುಗಿತು. ಆಯ್ತು, ಅಂದರು ಟೀಚರ್, ಗಡಿಯಾರ ನೋಡಿ, ಯಾರು ನೋಡ್ತೀರಾ, ನೀವಾ. ಬೇಡ. ತನ್ನ ನಾಲಗೆಯನ್ನು ಅವಳು ನಂಬುವುದಿಲ್ಲ, ಬೆಳಗಿನಿಂದ ಅದು ಒಣಗಿ ಅಂಟಿಕೊಂಡಿದೆ, ಆಸೆಗೆ ಎಲ್ಲವೂ ಉಪ್ಪೇ. ನೆಕ್ಕಮ್ಮಾ, ಅಂದಳು, ಬಾ ಇಲ್ಲಿ. ಸುಳ್ಳು ಹೇಳಬಾರದು. ನಾನ್ಯಾವತ್ತು ಹೇಳಿದೀನಿ, ಅಂದಳು ಮಗಳು, ಹೇಳಿಲ್ಲ, ಇಡೀ ಬೀದಿಗೆ ಗೊತ್ತು, ಕೈ ಬೆನ್ನ ಹಿಂದೆ ಕಟ್ಟಿದಳು, ಮಂಡಿ ಮಡಚಿದಳು, ಕಣ್ಣು ಮುಚ್ಚಿದಳು, ನಾಲಗೆಯ ತುದಿ — ಎಲೆಗೆ ತಾಗಿತು — ಒಂದು ಕ್ಷಣ — ಕಿಟಕಿಯ ಸರಳು, ಸ್ಪ್ಯಾನರು, ಅಕ್ಕನ ಜಗುಲಿ — ಎರಡು ಕ್ಷಣ — ಹುಬ್ಬು ಗಂಟಿಕ್ಕಿತು, ಮೂಗು ಮುದುಡಿತು, ಮುಖವೆಲ್ಲ ಕಿವುಚಿಕೊಂಡಿತು, ಏನೇ, ಏನು ಹೇಳೇ, ಮಗಳು ಹೇಳುವುದಿಲ್ಲ, ಕಣ್ಣು ಬಿಟ್ಟು ಅಮ್ಮನ ಕಡೆ ತಿರುಗಿ ನಾಲಗೆ ಚಾಚಿ ತೋರಿಸುತ್ತಾಳೆ, ಬಿಸಿಲಿಗೆ ಹೊಳೆಯುತ್ತಿದೆ, ಗುಲಾಬಿ ನಾಲಗೆ, ಅದರ ತುದಿಯಲ್ಲಿ ಸೂಜಿಮೊನೆಯಷ್ಟು, ಇನ್ನೂ ಕರಗದೆ, ಒಂದು ಬಿಳಿ ಹರಳು — ನಾಲಗೆಯ ತುದಿಯಲ್ಲಿ — ಬಿಳಿ ಹರಳು —